ಇಂಗ್ಲೆಂಡಿನಲ್ಲಿ ವೈರ್ ಇಲ್ಲದ ಪೇಸ್‌ಮೇಕರ್: ಕೇಳಿದವರಿಗೆಲ್ಲ ಸಿಗೋದಿಲ್ಲ

ಅಪ್ಪನಿಗೆ ಹೃದಯದ ಮಿಡಿತ ಕಾಯುವ ಪೇಸ್‌ಮೇಕರ್ ಬೇಕೆಂದು ಗೊತ್ತಾದ ಕೂಡಲೇ ಊರಿನಿಂದ ವಾಟ್ಸ್ಆ್ಯಪ್ ಬರುತ್ತದೆ: "ಎದೆ ಕುಯ್ಯೋದೇ ಬೇಡವಂತೆ, ಹೊಸದನ್ನೇ ಹಾಕಿಸು." ಆದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಪೇಸ್‌ಮೇಕರನ್ನು ಸೀರೆಯ ಹಾಗೆ ಆರಿಸಿಕೊಳ್ಳೋಕಾಗಲ್ಲ.

ವಸ್ತುವೇನೋ ಪುಟ್ಟದು. ಮೆಡ್‌ಟ್ರಾನಿಕ್ ಕಂಪನಿಯ ವೈರಿಲ್ಲದ ಪೇಸ್‌ಮೇಕರ್ ಮೈಕ್ರಾ 26 ಮಿಲಿಮೀಟರ್ ಉದ್ದ, ತೂಕ ಎರಡು ಗ್ರಾಂ ಇದ್ದೀತು. ದಪ್ಪನೆಯ ವಿಟಮಿನ್ ಮಾತ್ರೆ ಅನ್ನಿ. ತೊಡೆಸಂದಿನ ರಕ್ತನಾಳದಿಂದ ನಳಿಕೆ ತೂರಿಸಿ ಹೃದಯದ ಬಲಗಡೆಯ ಕೆಳಕೋಣೆಯಲ್ಲಿ ಬಿಡುತ್ತಾರೆ. ಅದರ ತುದಿಯ ನಾಲ್ಕು ಕೊಕ್ಕೆಗಳು ಸ್ನಾಯುವನ್ನು ಕಚ್ಚಿಕೊಳ್ಳುತ್ತವೆ. ಮಾಮೂಲಿ ಪೇಸ್‌ಮೇಕರಿನ ಹಾಗೆ ಭುಜದ ಕೆಳಗೆ ಉಬ್ಬಿಲ್ಲ, ಸೋಂಕು ತಗಲಲು ಚರ್ಮದಡಿ ಜೇಬಿಲ್ಲ, ಮುರಿಯಲು ವೈರಿಲ್ಲ.

ಮತ್ತೆ ಎಲ್ಲರಿಗೂ ಯಾಕಿಲ್ಲ? ಹಲವರಿಗೆ ಮೇಲಿನ ಕೋಣೆಗೂ ಮಿಡಿತ ಕೊಡಬೇಕಾಗುತ್ತದೆ. ಕೆಳಗೆ ಕೂತ ಮೈಕ್ರಾಗೆ ಅದು ಸಾಧ್ಯವಿಲ್ಲ. ಬ್ಯಾಟರಿ ಮುಗಿದರೆ ಹಳೆಯದನ್ನು ತೆಗೆಯೋದೂ ಸಲೀಸಲ್ಲ. 2018ರಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಹೇಳಿದ್ದೂ ಅಷ್ಟೇ: ಮಾಮೂಲಿ ಪೇಸ್‌ಮೇಕರ್ ಹಾಕಲು ಆಗುವವರಿಗೆ ಇದು ಸಂಶೋಧನೆಯ ಭಾಗವಾಗಿ ಮಾತ್ರ. ಡಯಾಲಿಸಿಸ್‌ನಲ್ಲಿರುವವರು, ಎದೆಯ ರಕ್ತನಾಳ ಮುಚ್ಚಿಕೊಂಡವರು, ಹಿಂದೆ ಸೋಂಕಾದವರ ವಿಷಯ ಬೇರೆ. ಕಾರ್ಡಿಯಾಲಜಿಸ್ಟ್ ಹತ್ತಿರ "ವೈರಿಲ್ಲದ್ದು ನನಗೆ ಹೊಂದುತ್ತಾ, ಇಲ್ಲದಿದ್ದರೆ ಯಾಕೆ?" ಅಂತ ನೇರವಾಗಿ ಕೇಳಿ. ಅವರೇನೂ ಬೇಜಾರು ಮಾಡಿಕೊಳ್ಳೋದಿಲ್ಲ.

ತಲೆಸುತ್ತು, ಸುಸ್ತು ಅಂತಾದರೆ ಮೊದಲು ಜಿಪಿ, ಅಂದರೆ ನಿಮ್ಮ ಏರಿಯಾದ ಡಾಕ್ಟರು. ಎಚ್ಚರ ತಪ್ಪಿ ಬಿದ್ದರೆ 999ಕ್ಕೆ ತುರ್ತು ಕರೆ.

ಕಷ್ಟ ಇರೋದು ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರಿಗೆ. ಎ ಆ್ಯಂಡ್ ಇ ಅನ್ನುವ ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ಅಲ್ಲಿಂದ ವಾರ್ಡಿಗೆ ಸೇರಿಸಿಕೊಂಡರೆ ಮೀಟರ್ ಶುರು: ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ತುರ್ತಾಗಿದ್ದರೆ ಚಿಕಿತ್ಸೆ ನಿಲ್ಲಿಸೋದಿಲ್ಲ, ಬಿಲ್ ಮಾತ್ರ ಹಿಂದೆಯೇ ಬರುತ್ತದೆ. £500 ದಾಟಿದ ಬಾಕಿ ಮುಂದಿನ ವೀಸಾಗೆ ಅಡ್ಡಬರಬಹುದು. ಹಾಗಾಗಿ ಟಿಕೆಟ್ ಜೊತೆಗೇ ಇನ್ಶೂರೆನ್ಸ್ ಮಾಡಿಸಿ, ಹಳೆ ಬಿಪಿ, ಹಳೆ ಇಸಿಜಿ ಯಾವುದನ್ನೂ ಮುಚ್ಚಿಡಬೇಡಿ. "ಬರೆದರೆ ಪ್ರೀಮಿಯಂ ಏರುತ್ತೆ" ಅಂತ ಬಿಟ್ಟವರ ಕ್ಲೇಮ್ ತಿರಸ್ಕಾರವಾಗುವುದು ಅಲ್ಲೇ. ಕೆಲಸದ ಅಥವಾ ವಿದ್ಯಾರ್ಥಿ ವೀಸಾಗೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದವರಿಗೆ ಈ ಬಿಲ್ ಇಲ್ಲ.

ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ, ಇಲ್ಲಿಯ ಡ್ರೈವಿಂಗ್ ಲೈಸೆನ್ಸ್ ಇದ್ದವರು ಲೈಸೆನ್ಸ್ ಕೊಡುವ ಇಲಾಖೆಯಾದ ಡಿವಿಎಲ್‌ಎಗೆ ತಿಳಿಸಲೇಬೇಕು. ಕನಿಷ್ಠ ಒಂದು ವಾರ ಕಾರು ಓಡಿಸುವಂತಿಲ್ಲ. ಆಸ್ಪತ್ರೆ ಕೊಡುವ ಪೇಸ್‌ಮೇಕರ್ ಕಾರ್ಡು ಪರ್ಸಿನಲ್ಲೇ ಇರಲಿ. ಊರಿಗೆ ಹೋದಾಗ ಬೆಂಗಳೂರಿನಲ್ಲಿ ತಪಾಸಣೆ ಮಾಡಿಸುವುದಾದರೂ ಆಯಾ ಕಂಪನಿಯದ್ದೇ ಯಂತ್ರ ಬೇಕು. ಡಾಕ್ಟರು ಮೊದಲು ಕೇಳೋದು ಆ ಕಾರ್ಡಿನ ಮಾಡೆಲ್ ನಂಬರನ್ನೇ.