ತಾಯಿ ಕಾರ್ಡಿಗೂ ಮೊದಲಿನ ಎಂಟು ವಾರ: ಹುಟ್ಟುದೋಷ ತಡೆಯಲು ಏನು, ಯಾವಾಗ ಮಾಡಬೇಕು

ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ಬಸಿರಿನ ಆರೈಕೆ ಶುರುವಾಗುವುದು ಸಾಮಾನ್ಯವಾಗಿ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿದ ಮೇಲೆ. ಎಷ್ಟೋ ಮನೆಗಳಲ್ಲಿ ಅಷ್ಟು ಹೊತ್ತಿಗೆ ಎರಡೂವರೆ ತಿಂಗಳು ಕಳೆದಿರುತ್ತದೆ. ಮಗುವಿನ ಬೆನ್ನುಹುರಿ, ಹೃದಯ, ಕೈಕಾಲು, ತುಟಿ ಆಗಲೇ ರೂಪ ತಾಳಿರುತ್ತವೆ. ಆಮೇಲೆ ನುಂಗಿದ ಮಾತ್ರೆ ಮಗುವಿನ ಬೆಳವಣಿಗೆಗೆ ಒಳ್ಳೆಯದೇ, ಆದರೆ ಮುಚ್ಚದೆ ಉಳಿದ ಬೆನ್ನುಹುರಿಯನ್ನು ಅದು ಮುಚ್ಚಲಾರದು. ಅದಕ್ಕೇ ಮಗು ಬೇಕು ಅಂದುಕೊಂಡ ತಿಂಗಳಿಗೂ ಮೂರು ತಿಂಗಳು ಮೊದಲೇ ತಯಾರಿ ಶುರುವಾಗಬೇಕು.

ಒಳಗೆ ಏನು ನಡೆಯುತ್ತದೆ

ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅಲ್ಲಿಂದ ಸುಮಾರು ಎರಡು ವಾರಕ್ಕೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಆರು ವಾರ ಅಂತಿದ್ದರೆ ಭ್ರೂಣಕ್ಕೆ ನಾಲ್ಕೇ ವಾರ. ಈ ಭಾಗದಲ್ಲಿ ಕೊಟ್ಟಿರುವ ದಿನ, ವಾರಗಳು ಗರ್ಭ ಕಟ್ಟಿದ ದಿನದಿಂದ ಎಣಿಸಿದವು.

6ನೇ ದಿನದ ಹೊತ್ತಿಗೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟತೊಡಗುತ್ತದೆ. ಮೊದಲ ಎರಡು ವಾರ ಯಾವ ಜೀವಕೋಶ ಯಾವ ಅಂಗವಾಗಬೇಕೆಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಆಗ ಪೆಟ್ಟು ಬಿದ್ದರೆ ಬಹುಮಟ್ಟಿಗೆ ಗರ್ಭವೇ ನಿಲ್ಲುವುದಿಲ್ಲ, ನಿಂತರೆ ಸರಿಹೋಗುತ್ತದೆ. ಅಪಾಯದ ಕಾಲ ಮೂರನೇ ವಾರದಿಂದ, ಅಂದರೆ ಮುಟ್ಟು ತಪ್ಪಿತೇನೋ ಎಂಬ ಅನುಮಾನ ಬರುವ ಹೊತ್ತಿನಿಂದ.

ಆ ವಾರ ಭ್ರೂಣದ ಬೆನ್ನಿನ ಮೇಲೆ ಚಪ್ಪಟೆ ಹಾಳೆಯಂಥ ಪದರವೊಂದು ಮೂಡುತ್ತದೆ. ಅದರ ಎರಡು ಅಂಚು ಮೇಲೆದ್ದು, ಕರ್ಜಿಕಾಯಿಯ ಅಂಚು ಒತ್ತಿ ಮುಚ್ಚಿದ ಹಾಗೆ, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಮೊದಲು ಕೂಡುವುದು ಕತ್ತಿನ ಹತ್ತಿರ, ಸುಮಾರು 22ನೇ ದಿನ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಮುಚ್ಚುತ್ತಾ ಹೋಗಿ ತಲೆಯ ತುದಿ 25ನೇ ದಿನದ ಹೊತ್ತಿಗೆ, ಸೊಂಟದ ಕಡೆಯ ತುದಿ 28ನೇ ದಿನದ ಹೊತ್ತಿಗೆ ಮುಗಿಯುತ್ತದೆ. ಇದೇ ನರಕೊಳವೆ. ತಲೆಯ ತುದಿ ಮುಚ್ಚದಿದ್ದರೆ ಮೆದುಳು, ತಲೆಬುರುಡೆ ಬೆಳೆಯುವುದಿಲ್ಲ, ಅಂಥ ಮಗು ಬದುಕುವುದಿಲ್ಲ. ಕೆಳಗಿನ ತುದಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ: ಬೆನ್ನಿನಲ್ಲಿ ಗಡ್ಡೆ, ಕಾಲಿನಲ್ಲಿ ಶಕ್ತಿಯಿಲ್ಲದಿರುವುದು, ಮೂತ್ರ ಹಿಡಿತಕ್ಕೆ ಸಿಗದಿರುವುದು.

ಹೃದಯ ಬಡಿಯಲು ಶುರುವಾಗುವುದು 22ನೇ ದಿನದ ಆಸುಪಾಸು. ಕೈಗಳ ಮೊಗ್ಗು ನಾಲ್ಕನೇ ವಾರದ ಕೊನೆಗೆ, ಕಾಲಿನದು ಒಂದೆರಡು ದಿನ ಬಿಟ್ಟು. ಮೇಲ್ದುಟಿ ಕೂಡುವುದು ಆರೇಳನೇ ವಾರದಲ್ಲಿ, ಬಾಯಿಯ ಅಂಗಳ ಹನ್ನೆರಡನೇ ವಾರದ ಒಳಗೆ. ಆರು ತಿಂಗಳ ಬಸುರಿ ಗ್ರಹಣದ ದಿನ ಈಳಿಗೆ ಮಣೆ ಮುಟ್ಟಿದ್ದಕ್ಕೆ ಮಗುವಿನ ತುಟಿ ಸೀಳಿತು ಅನ್ನುವವರು ಈ ಲೆಕ್ಕ ನೋಡಬೇಕು. ತುಟಿ ಕೂಡಿ ನಾಲ್ಕು ತಿಂಗಳಾದ ಮೇಲೆ ಅದನ್ನು ಯಾವ ಗ್ರಹಣವೂ ಸೀಳಲಾರದು. ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ದೊಡ್ಡ ಹುಟ್ಟುದೋಷ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ಗೊತ್ತಾಗುವುದೇ ಇಲ್ಲ. ಸೊಸೆಯ ಮೇಲೆ ಅಪವಾದ ಹೊರಿಸುವುದು ಅನ್ಯಾಯ.

ಮೂರು ತಿಂಗಳು ಮೊದಲು

ನರಕೊಳವೆ ಸರಿಯಾಗಿ ಮುಚ್ಚಲು ಬೇಕಾದ ವಿಟಮಿನ್ ಫೋಲಿಕ್ ಆಸಿಡ್ ಮೊದಲು. ದಿನಕ್ಕೆ 400 ಮೈಕ್ರೋಗ್ರಾಂ, ಅಂದರೆ 0.4 ಮಿಲಿಗ್ರಾಂ, ಬಸಿರಿಗೆ ಹನ್ನೆರಡು ವಾರ ತುಂಬುವವರೆಗೆ. ಮೂರು ತಿಂಗಳು ಮೊದಲೇ ಆಗದಿದ್ದರೆ ಕಡೇಪಕ್ಷ ಒಂದು ತಿಂಗಳು ಮೊದಲು ಶುರುವಾಗಲಿ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಎಷ್ಟೋ ಸಲ 5 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ, ಸ್ಟ್ರಿಪ್ ತಿರುಗಿಸಿ ಓದಿ. 5 ಮಿಲಿಗ್ರಾಂ ಬೇಕಾಗುವುದು ಹಿಂದೆ ನರಕೊಳವೆ ದೋಷದ ಮಗುವಾದವರಿಗೆ, ಫಿಟ್ಸ್ ಮಾತ್ರೆ ನುಂಗುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಅದೂ ಡಾಕ್ಟರು ಹೇಳಿದರೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕೊರತೆ ಸಾಮಾನ್ಯ. ಹೆಚ್ಚು ಫೋಲಿಕ್ ಆಸಿಡ್ ನುಂಗಿದರೆ ಆ ಕೊರತೆ ರಕ್ತಪರೀಕ್ಷೆಯಲ್ಲಿ ಮರೆಯಾಗಿ, ನರಗಳಿಗೆ ಆಗುವ ಹಾನಿ ಮಾತ್ರ ಮುಂದುವರಿಯಬಹುದು. ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆ ನರಕೊಳವೆ ದೋಷ ತಡೆಯಲು ಸಾಲದು. ಸೊಪ್ಪು, ಕಾಳಿನಲ್ಲಿ ಇದೇ ವಿಟಮಿನ್ ಫೋಲೇಟ್ ರೂಪದಲ್ಲಿ ಇದೆ, ಬೇಯಿಸಿದ ನೀರಿಗೆ ಅದು ಇಳಿಯುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮ ಬಸ್ಸಾರು ಈ ವಿಷಯದಲ್ಲಿ ಜಾಣ ಅಡುಗೆ. ಆದರೂ ಮಾತ್ರೆ ಬಿಡುವ ಹಾಗಿಲ್ಲ.

ಜೊತೆಗೆ ಮೂರು ಪರೀಕ್ಷೆ. ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.5ರ ಕೆಳಗೆ ಬಂದ ಮೇಲೆ ಗರ್ಭಕ್ಕೆ ಪ್ರಯತ್ನಿಸುವುದು ಕ್ಷೇಮ. 10ಕ್ಕಿಂತ ಮೇಲಿದ್ದರೆ ಮುಂದೂಡಲೇಬೇಕು, ಹೃದಯ ಮತ್ತು ಬೆನ್ನುಹುರಿ ದೋಷದ ಅಪಾಯ ಬಹಳ ಹೆಚ್ಚು. ಎರಡನೆಯದು ಥೈರಾಯ್ಡಿನ ಟಿಎಸ್‌ಎಚ್. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಗತಿ. ಕಲ್ಲುಪ್ಪು ಬಳಸುವ ಮನೆಯಾದರೆ ಚೀಲದ ಮೇಲೆ ಅಯೋಡಿನ್ ಸೇರಿಸಿದ್ದೆಂದು ಬರೆದಿದೆಯೇ ನೋಡಿ. ಮೂರನೆಯದು ರುಬೆಲ್ಲಾ. ಈ ಸೋಂಕು ಮೊದಲ ಹನ್ನೆರಡು ವಾರದಲ್ಲಿ ತಗುಲಿದರೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರುತ್ತವೆ. ಲಸಿಕೆ ಆಗಿರದಿದ್ದರೆ ಈಗಲೇ ಹಾಕಿಸಿ ಒಂದು ತಿಂಗಳು ಕಾಯಿರಿ. ಬಸಿರಿನಲ್ಲಿ ಇದನ್ನು ಹಾಕುವುದಿಲ್ಲ.

ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಫಿಟ್ಸಿನ ವಾಲ್ಪ್ರೊಯೇಟ್, ರಕ್ತ ತೆಳುವಾಗಿಸುವ ವಾರ್ಫರಿನ್, ಎನಾಲಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಮೊಡವೆಯ ಐಸೊಟ್ರೆಟಿನಾಯಿನ್, ಮೆಥೊಟ್ರೆಕ್ಸೇಟ್, ಇವು ಬದಲಾಗಬೇಕಾದವು. ಫಿಟ್ಸ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ದೊಡ್ಡ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಕುತ್ತು. ಹೆಂಡ ಒಂದು ಗುಟುಕೂ ಬೇಡ, ಹೊಗೆಸೊಪ್ಪು ಎಲೆಅಡಿಕೆಯ ಜೊತೆಗೂ ಬೇಡ.

ತೋಟದಲ್ಲಿ, ಹೊಲದಲ್ಲಿ

ಆಲೂರು, ಅರಕಲಗೂಡಿನ ಆಲೂಗಡ್ಡೆ ಹೊಲಗಳಲ್ಲಿ ಅಂಗಮಾರಿ ರೋಗಕ್ಕೆ ಮ್ಯಾಂಕೊಜೆಬ್ ಎಂಬ ಔಷಧಿ ಹೊಡೆಯುತ್ತಾರೆ. ಅದು ಒಡೆದಾಗ ಹುಟ್ಟುವ ಇಟಿಯು ಎಂಬ ರಾಸಾಯನಿಕ ಇಲಿಗಳ ಮರಿಗಳಲ್ಲಿ ಮೆದುಳಿನ ದೋಷ ತಂದದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲದಿದ್ದರೂ ಕಾದು ನೋಡುವ ವಿಷಯವಲ್ಲ ಇದು. ಮಗುವಿಗೆ ಪ್ರಯತ್ನಿಸುತ್ತಿರುವ ಹೆಂಗಸು ಔಷಧಿ ಕಲಸಬಾರದು, ಪಂಪಿಗೆ ನೀರು ಹೊತ್ತು ಕೊಡಬಾರದು, ಹೊಡೆದ ದಿನ ಆ ಸಾಲುಗಳಿಗೆ ಇಳಿಯಬಾರದು. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಕಣ್ಣಿಗೆ ಬೀಳದೆ ಹೋಗುವುದು ಬಟ್ಟೆ. ಗಂಡ ಔಷಧಿ ಹೊಡೆದು ಬಂದ ಅಂಗಿಯನ್ನು ಒಗೆಯುವುದು ಹೆಂಡತಿ, ಅದೂ ಬರಿಗೈಯಲ್ಲಿ. ಆ ಅಂಗಿಯನ್ನು ಅವನೇ ಬೇರೆ ಬಕೆಟ್ಟಿನಲ್ಲಿ ಒಗೆಯಲಿ.

ಜ್ವರ 38.9 ಡಿಗ್ರಿ ಸೆಲ್ಸಿಯಸ್, ಅಂದರೆ 102 ಫ್ಯಾರನ್‌ಹೀಟ್ ದಾಟಲು ಬಿಡಬೇಡಿ. ನರಕೊಳವೆ ಮುಚ್ಚುವ ದಿನಗಳಲ್ಲಿ ಮೈ ಅಷ್ಟು ಕಾಯುವುದೇ ಅಪಾಯ. ಪ್ಯಾರಾಸಿಟಮಾಲ್ ನುಂಗಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಸೋದರ ಸಂಬಂಧದ ಮದುವೆಯಾಗಿದ್ದರೆ

ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹುಟ್ಟುದೋಷದ ಸಾಧ್ಯತೆ ಉಳಿದವರಿಗಿಂತ ಸುಮಾರು ಇಮ್ಮಡಿ, ಅಂದರೆ ನೂರಕ್ಕೆ ಐದಾರು. ಸೋದರಮಾವನನ್ನೇ ಮದುವೆಯಾದರೆ ಸಂಬಂಧ ಇನ್ನೂ ಹತ್ತಿರದ್ದು. ಒಂದೇ ಅಜ್ಜ ಅಜ್ಜಿಯಿಂದ ಬಂದ ದೋಷದ ಜೀನ್ ಗಂಡ ಹೆಂಡತಿ ಇಬ್ಬರಲ್ಲೂ ಅಡಗಿದ್ದು ಮಗುವಿನಲ್ಲಿ ಜೋಡಿಯಾಗಬಹುದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ, ಹೆದರಬೇಡಿ. ಎರಡೂ ಕಡೆ ಎಳೆಯದರಲ್ಲೇ ತೀರಿಕೊಂಡ ಕೂಸು, ಕಿವುಡು, ಬುದ್ಧಿ ಬೆಳವಣಿಗೆ ಕುಂಠಿತವಾದವರು ಯಾರಿದ್ದಾರೆ ಎಂದು ಮೂರು ತಲೆಮಾರಿನ ಪಟ್ಟಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಸ್ಕ್ಯಾನ್ ಯಾವಾಗ

ಮೊದಲ ದೊಡ್ಡ ಸ್ಕ್ಯಾನ್ ಮುಟ್ಟಿನ ಲೆಕ್ಕದಲ್ಲಿ 11ರಿಂದ 14 ವಾರದೊಳಗೆ, ಅಂಗಾಂಗ ನೋಡುವ ಸ್ಕ್ಯಾನ್ 18ರಿಂದ 20 ವಾರದೊಳಗೆ. ಮೂಡಿಗೆರೆ, ಸಕಲೇಶಪುರ ಕಡೆಯವರು ಮಳೆ ನಿಲ್ಲಲಿ ಎಂದು ಇದನ್ನು ಮುಂದೂಡಬಾರದು. ಮಗು ಉಳಿಯಲಾರದಂಥ ದೋಷ ಕಂಡರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಮೇಲೆ ಗರ್ಭ ತೆಗೆಸಲು ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು, ಓಡಾಟ ಹೆಚ್ಚುತ್ತದೆ. ಹೃದಯದ ದೋಷ ಮೊದಲೇ ಗೊತ್ತಾದರೆ ಮಕ್ಕಳ ಹೃದಯ ತಜ್ಞರಿರುವ ಊರಿನಲ್ಲೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಬಹುದು. ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಡಿ, ಮುಂದಿನ ಬಸಿರಿನ ಮಾತ್ರೆಯ ಪ್ರಮಾಣ ತೀರ್ಮಾನಿಸಲು ಡಾಕ್ಟರು ಅದನ್ನೇ ಕೇಳುತ್ತಾರೆ.