ರಿಕವರಿ ಡ್ರೈವ್ ಬಿಟ್ಟೆ, ಒಂದೇ ಪೆನ್‌ಡ್ರೈವ್ ಸಾಕಾಯಿತು: ನನ್ನ ಅನುಭವ

ಶಿರಸಿಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಒಂದೇ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಇಟ್ಟುಕೊಂಡು ಎಲ್ಲ ಕಂಪನಿಯ ಮೆಷಿನ್‌ಗೂ ವಿಂಡೋಸ್ 11 ಹಾಕುತ್ತೇನೆ ಎಂದಾಗ ನಮ್ಮ ಲೈನಿನವರು ಯಾರೂ ನಂಬಲಿಲ್ಲ. "ಅದೆಲ್ಲ ಹಳೇ ಕಾಲಕ್ಕಾಯ್ತು ಮಾರಾಯ. 11ನೇ ಜನರೇಶನ್ ಇಂಟೆಲ್ ಪ್ರೊಸೆಸರ್ ಬಂದ ಮೇಲೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಲ್ಲ. ಆಯಾ ಮೆಷಿನ್‌ನ ರಿಕವರಿ ಡ್ರೈವ್ ಮಾಡಿಟ್ಕೋ" ಎಂದರು. ಈಗ ವರ್ಷದ ಮೇಲಾಯಿತು, ಅದೇ ಒಂದು ಪೆನ್‌ಡ್ರೈವ್‌ನಲ್ಲಿ ಕೆಲಸ ನಡೆಯುತ್ತಿದೆ. ಅವರಲ್ಲೇ ಇಬ್ಬರು ಮೂವರು ಬಂದು ಕಾಪಿ ಮಾಡಿಕೊಂಡು ಹೋಗಿದ್ದಾರೆ.

ರಿಕವರಿ ಡ್ರೈವ್ ಎಂದರೆ ಒಂದು ಮೆಷಿನ್‌ನ ವಿಂಡೋಸನ್ನು ಅದರ ಡ್ರೈವರ್ (ವೈಫೈ, ಸೌಂಡ್‌ನಂಥ ಭಾಗಗಳನ್ನು ಓಡಿಸುವ ಸಾಫ್ಟ್‌ವೇರ್) ಸಮೇತ ತುಂಬಿಟ್ಟ ಪೆನ್‌ಡ್ರೈವ್. ಆ ದಾರಿಯನ್ನು ನಾನು ಸುಮ್ನೆ ಬಿಟ್ಟಿದ್ದಲ್ಲ. ಒಂದು ಕಚೇರಿಯ ಹತ್ತು ಹನ್ನೆರಡು ಲ್ಯಾಪ್‌ಟಾಪ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಒಂದೊಂದಕ್ಕೂ 32 ಜಿಬಿ ಪೆನ್‌ಡ್ರೈವ್. ಆಗ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದಕ್ಕೆ ಸುಮಾರು 350 ರೂಪಾಯಿ, ಒಟ್ಟು ನಾಲ್ಕು ಸಾವಿರದ ಹತ್ತಿರ ಹೋಯಿತು. ಸಿಸ್ಟಮ್ ಫೈಲ್‌ಗಳನ್ನೂ ಸೇರಿಸಿ ಮಾಡಿದರೆ ಒಂದು ಡ್ರೈವ್‌ಗೆ ಎರಡು ಮೂರು ತಾಸು ಬೇಕು. ಅಗ್ಗದ ಪೆನ್‌ಡ್ರೈವ್ ಆದರೆ ಅರ್ಧ ದಿನವೇ ಹೋಗುತ್ತದೆ. ಕೆಲವು ಕೊನೆಯ ಹಂತದಲ್ಲಿ ಎರರ್ ಕೊಟ್ಟು ನಿಂತವು. ಎರಡು ಪೆನ್‌ಡ್ರೈವ್ ಡೂಪ್ಲಿಕೇಟ್ ಮಾಲು. ಮೇಲೆ 32 ಎಂದು ಬರೆದಿತ್ತು, ಒಳಗೆ ಅಷ್ಟು ಜಾಗವೇ ಇರಲಿಲ್ಲ.

ಇಷ್ಟಾದ ಮೇಲೂ ಅದರಿಂದ ಬರುವುದು ಡ್ರೈವ್ ಮಾಡಿದ ದಿನದ ವಿಂಡೋಸ್. ವರ್ಷ ಬಿಟ್ಟು ಹಾಕಿದರೆ ಅಪ್‌ಡೇಟ್‌ಗೇ ಒಂದು ಸಂಜೆ ಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಡೇಟಾದ್ದು. ರಿಕವರಿ ಡ್ರೈವ್‌ನಿಂದ ಮರುಸ್ಥಾಪನೆ ಮಾಡಿದರೆ ಗಿರಾಕಿಯ ಫೋಟೋ, ಟ್ಯಾಲಿ ಡೇಟಾ ಎಲ್ಲ ಅಳಿಸಿ ಹೋಗುತ್ತದೆ. ಇನ್‌ಸ್ಟಾಲೇಶನ್ ಪೆನ್‌ಡ್ರೈವ್‌ನಲ್ಲಿ ಹಾಗಲ್ಲ. ಪಾರ್ಟಿಶನ್ ಫಾರ್ಮ್ಯಾಟ್ ಮಾಡದೆ ಕಸ್ಟಮ್ ಇನ್‌ಸ್ಟಾಲ್ ಕೊಟ್ಟರೆ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಮೆಷಿನ್ ಬೂಟ್ ಆಗುತ್ತಿದ್ದರೆ ಒಳಗಿನಿಂದಲೇ ಸೆಟಪ್ ಓಡಿಸಿ, ಫೈಲು, ಸಾಫ್ಟ್‌ವೇರ್ ಎರಡನ್ನೂ ಉಳಿಸಿಕೊಳ್ಳಬಹುದು. ಹಳ್ಳಿಯಿಂದ ಬಂದವರ ಮಗುವಿನ ಫೋಟೋಗೆ ಬೇರೆ ಕಾಪಿ ಎಲ್ಲಿರುತ್ತದೆ ಹೇಳಿ? ನನಗೆ ಈ ಒಂದು ಕಾರಣವೇ ಸಾಕಿತ್ತು.

ಇನ್ನು ಡಿಸ್ಕ್ ಕಾಣದ ವಿಷಯ. ಅದಕ್ಕೆ ಕಾರಣ ಇಂಟೆಲ್ ವಿಎಂಡಿ. ಡಿಸ್ಕನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಇಂಟೆಲ್ ವ್ಯವಸ್ಥೆ ಅದು, ಅದರ ಡ್ರೈವರ್ ಇಲ್ಲದಿದ್ದರೆ ಸೆಟಪ್‌ಗೆ ಡಿಸ್ಕ್ ಕಾಣುವುದಿಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಮೆಷಿನ್‌ನ ಮೂಲ ಸೆಟ್ಟಿಂಗ್) ಅದನ್ನು ಆಫ್ ಮಾಡಿ ಹಾಕುವವರೇ ಜಾಸ್ತಿ. ಏಸರ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಆ ಆಯ್ಕೆ ಕಾಣುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಹಾಗೆ ಆಫ್ ಮಾಡಿ ಹಾಕಿದ ಮೆಷಿನ್ ಮುಂದೊಂದು ದಿನ ಬಯಾಸ್ ಡೀಫಾಲ್ಟ್‌ಗೆ ಹೋಗಿ ವಿಎಂಡಿ ಮತ್ತೆ ಆನ್ ಆದರೆ ನೀಲಿ ಸ್ಕ್ರೀನ್ ತೋರಿಸುತ್ತಾ ವಾಪಸ್ ಬರುತ್ತದೆ. ನಾನು ವಿಎಂಡಿ ಮುಟ್ಟುವುದಿಲ್ಲ. ವಿಎಂಡಿ ಡ್ರೈವರ್ ಇರುವ ಇಂಟೆಲ್‌ನ ಸೆಟಪ್‌ಆರ್‌ಎಸ್‌ಟಿ ಫೈಲಿಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್ ಸ್ವಿಚ್ ಕೊಟ್ಟರೆ ಡ್ರೈವರ್ ಬಿಡಿಯಾಗಿ ಸಿಗುತ್ತದೆ. ಹಳೆ ಜನರೇಶನ್‌ಗೊಂದು, ಹೊಸದಕ್ಕೊಂದು ಆವೃತ್ತಿ ಬೇಕು. ಪೆನ್‌ಡ್ರೈವ್ ತೆರೆದ ಕೂಡಲೇ ಕಾಣುವ ಜಾಗದಲ್ಲೇ, ಬೇರೆ ಫೋಲ್ಡರ್ ಒಳಗಲ್ಲ, ವಿನ್‌ಪಿಇಡ್ರೈವರ್ ಎಂಬ ಫೋಲ್ಡರ್ ಮಾಡಿ (ಹೆಸರಿನ ಹಿಂದೆ ಮುಂದೆ ಡಾಲರ್ ಗುರುತು ಹಾಕಬೇಕು) ಎರಡನ್ನೂ ಅದರಲ್ಲಿಡಿ. ಸೆಟಪ್ ತಾನೇ ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ ಲೋಡ್ ಡ್ರೈವರ್ ಒತ್ತಿ ಅದೇ ಫೋಲ್ಡರ್ ತೋರಿಸಿ. ಅಲ್ಲಿ ಈ ಎರಡು ಬಿಟ್ಟು ಬೇರೇನೂ ತುಂಬಬೇಡಿ.

ಉಳಿದ ಡ್ರೈವರ್‌ಗಳನ್ನು ಆ ಮೆಷಿನ್‌ನಿಂದಲೇ ಎತ್ತುತ್ತೇನೆ. ವಿಂಡೋಸ್ ಬೂಟ್ ಆದರೆ ಪಿಎನ್‌ಪಿಯುಟಿಲ್ ಎಕ್ಸ್‌ಪೋರ್ಟ್ ಕಮಾಂಡ್‌ನಿಂದ. ಆಗದಿದ್ದರೆ ಸೆಟಪ್‌ನಲ್ಲಿ ಶಿಫ್ಟ್ ಎಫ್10 ಒತ್ತಿ ಡಿಸ್ಮ್ ಕಮಾಂಡ್‌ನಿಂದ. ಒಂದೂವರೆ ಎರಡು ಜಿಬಿ ಆಗಬಹುದು, ಹತ್ತು ನಿಮಿಷದ ಕೆಲಸ. ವೈಫೈ, ಟಚ್‌ಪ್ಯಾಡ್, ಸೌಂಡ್ ಎಲ್ಲ ಮೊದಲಿನಂತೆ ಬರುತ್ತವೆ. ರಿಕವರಿ ಡ್ರೈವ್‌ನಿಂದ ಸಿಗುತ್ತಿದ್ದ ಲಾಭ ಅದೊಂದೇ ಅಲ್ವಾ? ಡಿಸ್ಕ್‌ನಲ್ಲಿ ಬಿಟ್‌ಲಾಕರ್ (ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಎನ್‌ಕ್ರಿಪ್ಶನ್) ಇದ್ದರೆ 48 ಅಂಕಿಯ ಕೀ ಮೊದಲೇ ಕೇಳಿ. ಅದಿಲ್ಲದೆ ಡ್ರೈವರೂ ಇಲ್ಲ, ಡೇಟಾವೂ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಹೊಸದಾಗಿ ಹಾಕಿದ ಮೆಷಿನ್‌ಗಳಲ್ಲಿ ಎನ್‌ಕ್ರಿಪ್ಶನ್ ತಾನಾಗೇ ಆನ್ ಆಗುತ್ತದೆ. ಗಿರಾಕಿಗೆ ಅದು ಗೊತ್ತೇ ಇರುವುದಿಲ್ಲ.

ಎತ್ತಿದ ಡ್ರೈವರ್‌ಗಳನ್ನು ಮಾಡೆಲ್ ಪ್ರಕಾರ ಜೋಡಿಸಿ, ಅದೇ ಮಾಡೆಲ್ ಮತ್ತೆ ಬಂದರೆ ತಾನೇ ಗುರುತಿಸಿ ಹಾಕುವ ಒಂದು ಬ್ಯಾಚ್ ಫೈಲ್ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ. ನನ್ನ ಅಂಗಡಿ ನಡೆಯುತ್ತಿರುವುದೇ ಅದರಿಂದ.

ನಡುವೆ ಪೆನ್‌ಡ್ರೈವ್ ಬದಲು ಹಳೇ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಡಿಸ್ಕ್) ಒಂದನ್ನು ಯುಎಸ್‌ಬಿ ಕೇಸಿಗೆ ಹಾಕಿ ನೋಡಿದೆ. ಕೇಸಿಗೆ ಆಗ ಏಳೆಂಟು ನೂರು ರೂಪಾಯಿ ಆಯಿತು. ಪೆನ್‌ಡ್ರೈವ್‌ನಲ್ಲಿ ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದ ಇನ್‌ಸ್ಟಾಲ್ ಹತ್ತರೊಳಗೆ ಮುಗಿಯಿತು. ಆದರೆ ಡಿಸ್ಕ್‌ಪಾರ್ಟ್ (ವಿಂಡೋಸ್‌ನ ಡಿಸ್ಕ್ ಕಮಾಂಡ್) ಪಟ್ಟಿಯಲ್ಲಿ ಅದೂ ಒಳಗಿನ ಡಿಸ್ಕ್‌ನ ಹಾಗೇ ಕಾಣುತ್ತದೆ. ಡಿಸ್ಕ್ ಪೂರ್ತಿ ಖಾಲಿ ಮಾಡುವ ಕ್ಲೀನ್ ಕಮಾಂಡ್ ಕೊಡುವ ಮುಂಚೆ ಸೈಜ್ ನೋಡಿಕೊಳ್ಳಿ. ಒಂದೇ ಪೆನ್‌ಡ್ರೈವ್‌ನಿಂದ ಹಲವು ಇನ್‌ಸ್ಟಾಲರ್ ಬೂಟ್ ಮಾಡುವ ವೆಂಟಾಯ್ ಕೂಡ ಇಟ್ಟಿದ್ದೇನೆ, ಲಿನಕ್ಸ್‌ಗೆ ಮಾತ್ರ.

2025ರ ಅಕ್ಟೋಬರ್‌ನಲ್ಲಿ ನಮ್ಮ ಲೈನಿನವರ ಅನುಮಾನ ಪೂರ್ತಿ ಹೋಯಿತು. 14ರಂದು ಬಂದ ಅಪ್‌ಡೇಟ್ ಆದ ಮೇಲೆ ವಿಂಡೋಸ್ 11ರ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಓಡುತ್ತಿರಲಿಲ್ಲ. 20ಕ್ಕೆ ಸರಿಪಡಿಸಿದರು. ಆ ವಾರ ರಿಸೆಟ್ ಒತ್ತಲೂ ಆಗದ ಡೆಸ್ಕ್‌ಟಾಪ್‌ಗಳು ನನ್ನ ಟೇಬಲ್‌ಗೆ ಬಂದವು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಅದು ತನ್ನದೇ ಪರದೆ ತರುತ್ತದೆ, ಅಲ್ಲಿ ಕೀಬೋರ್ಡ್ ಸರಿಯಾಗಿ ಓಡಿತು.

ಮೈಕ್ರೋಸಾಫ್ಟ್‌ನದೇ ಆದ ಸರ್ಫೇಸ್ ಮೆಷಿನ್ ಬಂದರೆ ಮಾತ್ರ ಈ ದಾರಿ ಬಿಡುತ್ತೇನೆ. ಅದಕ್ಕೆ ಸೀರಿಯಲ್ ನಂಬರ್ ಕೊಟ್ಟರೆ ಮೈಕ್ರೋಸಾಫ್ಟೇ ರಿಕವರಿ ಇಮೇಜ್ ಕೊಡುತ್ತದೆ. ರಾತ್ರಿ ಡೌನ್‌ಲೋಡ್‌ಗೆ ಹಾಕಿ, ಬೆಳಿಗ್ಗೆ 16 ಜಿಬಿ ಪೆನ್‌ಡ್ರೈವ್‌ಗೆ ತುಂಬುತ್ತೇನೆ.