ಉಬ್ಬಸದ ಮಗುವಿಗೆ ಮೊಬೈಲ್ ಆಟದಿಂದ ಇನ್ಹೇಲರ್ ರೂಢಿ

ಮಲೆನಾಡಿನಲ್ಲಿ ಜೂನ್ ಮಳೆ ಹಿಡಿದರೆ ಗೋಡೆ, ಕಂಬಳಿಗೆಲ್ಲ ಬೂಷ್ಟು. ಬಚ್ಚಲ ಒಲೆಯ ಹೊಗೆ ಬೇರೆ. ಎರಡೂ ಉಬ್ಬಸ ಕೆರಳಿಸುತ್ತವೆ. ಆದರೆ ದಿನಾ ತೆಗೆದುಕೊಳ್ಳಬೇಕಾದ ಇನ್ಹೇಲರ್ ತಪ್ಪುವುದು ಮಗು ಆರಾಮಾಗಿರುವಾಗಲೇ. ಎಳೆದ ಕೂಡಲೇ ಅದರ ಗುಣ ಗೊತ್ತಾಗುವುದಿಲ್ಲವಲ್ಲ. ಕೂಡಲೇ ಖುಷಿ ಕೊಡುವ ಆಟವನ್ನು ಅದರ ಜೊತೆಗೆ ಕಟ್ಟಿ.

ಅಸ್ತಮಾಕ್ಕೆಂದೇ ಮಾಡಿದ ಆಟ ಹುಡುಕಬೇಕಿಲ್ಲ, ಮಗು ಇಷ್ಟಪಡುವುದೇ ಸಾಕು. ಫ್ಲೈಟ್ ಮೋಡ್ ಹಾಕಿ ಆಡಿ ನೋಡಿ. ಟವರ್ ಹೋದ ದಿನ ಆಟ ತೆರೆಯದಿದ್ದರೆ ರೂಢಿಯೂ ತಪ್ಪುತ್ತದೆ. ಒಂದು ಸುತ್ತು 3-4 ನಿಮಿಷಕ್ಕೆ ತಾನಾಗಿ ಮುಗಿಯಬೇಕು, ಇಲ್ಲವಾದರೆ ದಿನಾ ಫೋನ್ ಕಸಿಯುವ ಜಗಳ. ಕರೆಂಟಿಲ್ಲದೆ ಚಾರ್ಜ್ ಮುಗಿದಿದ್ದರೆ ಕ್ಯಾಲೆಂಡರಿನಲ್ಲಿ ಚುಕ್ಕೆ ಇಟ್ಟು ಆ ಸುತ್ತನ್ನು ಮರುದಿನ ಆಡಿಸಿ.

ಹೊತ್ತು: ಹಲ್ಲುಜ್ಜುವ ಮೊದಲು. ದಿನದ ಇನ್ಹೇಲರಿನಲ್ಲಿ ಸಾಮಾನ್ಯವಾಗಿ ಇರುವ ಸ್ಟಿರಾಯ್ಡ್ ಔಷಧಿ ಬಾಯಲ್ಲಿ ಉಳಿದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಕೂರಬಹುದು. ಉಜ್ಜಿ, ಮುಕ್ಕಳಿಸಿ, ಉಗಿದರೆ ಉಳಿದ ಔಷಧಿ ಹೋಗುತ್ತದೆ. ಇನ್ಹೇಲರ್ ಅಲುಗಾಡಿಸಿ, ಔಷಧಿಯನ್ನು ಹಿಡಿದಿಟ್ಟು ಉಸಿರಿಗೆ ಕೊಡುವ ಕೊಳವೆಯಾದ ಸ್ಪೇಸರ್‌ಗೆ ಸಿಕ್ಕಿಸಿ. ಉಸಿರು ಬಿಟ್ಟು, ತುಟಿ ಬಿಗಿ ಮಾಡಿ, ಒಂದೇ ಸಲ ಒತ್ತಿ, ನಿಧಾನವಾಗಿ 5 ಉಸಿರು. ಎರಡನೆಯ ಪಫ್ ಇದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೇ ಅಂಟುತ್ತದೆ. ಸ್ಪೇಸರನ್ನು ಸೋಪುನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒರೆಸಿದರೂ ಔಷಧಿ ಅಂಟುತ್ತದೆ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ಹಿಡಿಯುತ್ತದೆ.

ಎಲ್ಲರೂ ಎಡವುವುದು ಅಂಕದಲ್ಲಿ. ಅಲುಗಾಡಿಸಿದ್ದಕ್ಕೆ, ತುಟಿ ಬಿಗಿ ಮಾಡಿದ್ದಕ್ಕೆ, 5 ಉಸಿರಿಗೆ, ಮುಕ್ಕಳಿಸಿದ್ದಕ್ಕೆ ಒಂದೊಂದು ಅಂಕ; ನಾಲ್ಕಾದರೆ ಒಂದು ಸುತ್ತು. ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ತೋರಿಸುವ ಸಂಖ್ಯೆಗೆ ಮಾತ್ರ ಅಂಕ ಕೊಡಲೇಬೇಡಿ. ಸಂಖ್ಯೆಗೆ ಬಹುಮಾನ ಸಿಗುತ್ತದೆಂದು ಗೊತ್ತಾದರೆ ಮಗು ಥೂ ಎಂದು ಉಗುಳಿದ ಹಾಗೆ ಊದಿ ಮುಳ್ಳನ್ನು ಮೇಲೇರಿಸುತ್ತದೆ, ಇಲ್ಲವೇ ನಿನ್ನೆಯದನ್ನೇ ಬರೆಯುತ್ತದೆ. ನಿಂತು ಮೂರು ಸಲ ಊದಿದ್ದಕ್ಕೆ ಅಂಕ ಕೊಡಿ. ಕಡಿಮೆ ಬಂದದ್ದನ್ನು ಹೆದರದೆ ಹೇಳುವ ಮಗುವನ್ನು ಕಾಪಾಡುವುದು ಸುಲಭ.

ಮಗು ಹಟ ಮಾಡಿದರೆ ನಿಲ್ಲಬೇಕಾದ್ದು ಆಟ, ಔಷಧಿಯಲ್ಲ. ಎರಡು ಮೂರು ವಾರಕ್ಕೆ ಬೇಸರ ಬರುತ್ತದೆ, ಆಟವನ್ನೇ ಬದಲಿಸಿ. ಬೇಸಿಗೆಯಲ್ಲಿ ದಮ್ಮಿಲ್ಲವೆಂದು ಇನ್ಹೇಲರ್ ಬಿಡಿಸಬೇಡಿ, ಅದು ವೈದ್ಯರು ಹೇಳಬೇಕಾದ ಮಾತು.

ದಮ್ಮು ಬಂದಾಗ ಅಂಕ, ಆಟ ಯಾವುದೂ ಇಲ್ಲ: ವೈದ್ಯರು ಹೇಳಿಕೊಟ್ಟಂತೆ ಕೂಡಲೇ ತುರ್ತು ಇನ್ಹೇಲರ್, ಸಾಮಾನ್ಯವಾಗಿ ನೀಲಿಯದು. ಮಾತು ತುಂಡಾಗುತ್ತಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ಶಿವಮೊಗ್ಗದ ದೊಡ್ಡ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ವರೆಗೆ ಹೋಗಲು ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಸ್ಪೇಸರ್ ಕೈಯಲ್ಲೇ ಇರಲಿ.